ಹದಿಹರೆಯದ ಖಿನ್ನತೆಗೆ ಡ್ರಗ್ ಟ್ರಯಲ್ ಸೆಂಟರ್: ಡಾಕ್ಟ್ರಿಗೆ ಫುಲ್ ಮಾರ್ಕ್ಸ್, ಟೈಮ್‌ಟೇಬಲ್‌ಗೆ ಸೊನ್ನೆ

ರೇಟಿಂಗ್: 5ಕ್ಕೆ 3. ಅರ್ಧ ಸ್ಟಾರ್ ಕೊಡಲು ಆಗುವಂತಿದ್ದರೆ ಮೂರೂವರೆ ಕೊಡುತ್ತಿದ್ದೆ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿಹರೆಯದವರ ಖಿನ್ನತೆಗೆ ಹೊಸ ಮಾತ್ರೆಯೊಂದರ ಟ್ರಯಲ್ ನಡೆಯುತ್ತಿದೆ. 12ರಿಂದ 17 ವರ್ಷದ ಮಕ್ಕಳು ಬೇಕು ಅಂತ ಒಪಿಡಿ ಬಾಗಿಲ ಪಕ್ಕ ಪೋಸ್ಟರ್ ಅಂಟಿಸಿದ್ದಾರೆ. ನನ್ನ ಅಕ್ಕನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನು ಟ್ರಯಲ್‌ಗೆ ಸೇರಲಿಲ್ಲ. ಆದರೂ ರಿವ್ಯೂ ಬರೆಯುತ್ತಿದ್ದೇನೆ, ಯಾಕಂದ್ರೆ ಗೂಗಲ್‌ನಲ್ಲಿ ಆ ಆಸ್ಪತ್ರೆಗೆ ಬಂದಿರುವ ರಿವ್ಯೂಗಳಲ್ಲಿ ಪಾರ್ಕಿಂಗ್ ಇಲ್ಲ, ಬಿಲ್ಲಿಂಗ್ ಲೇಟು, ಕ್ಯಾಂಟೀನಿನ ದೋಸೆ ತಣ್ಣಗಿತ್ತು ಅಂತೆಲ್ಲ ಇದೆಯೇ ಹೊರತು ಟ್ರಯಲ್ ವಿಭಾಗದ ಬಗ್ಗೆ ಒಂದೇ ಒಂದು ಸಾಲಿಲ್ಲ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಹುಡುಗನ ಗುರುತು ಯಾರಿಗೂ ಸಿಗಬಾರದು.

ಮೊದಲು ಜಾಗದ ಬಗ್ಗೆ. ಟ್ರಯಲ್ ವಿಭಾಗ ಮೂರನೇ ಮಹಡಿಯಲ್ಲಿ, ಲ್ಯಾಬ್ ದಾಟಿ ಒಳಗೆ. ಬೇರೆಯದೇ ವೇಟಿಂಗ್ ರೂಮು. ಬೋರ್ಡಿನಲ್ಲಿ 'ಸಂಶೋಧನಾ ವಿಭಾಗ' ಅಂತ ಮಾತ್ರ ಇದೆ, ಮನೋರೋಗ ಅನ್ನುವ ಮಾತೇ ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕೆಳಗಿನ ಮಾನಸಿಕ ರೋಗಗಳ ಒಪಿಡಿ ಮುಂದೆ ಕೂರುವಾಗ ಮಾಸ್ಕ್ ಕಣ್ಣಿನವರೆಗೂ ಎಳೆದುಕೊಂಡಿದ್ದ ಹುಡುಗ ಇಲ್ಲಿ ಅದನ್ನು ತೆಗೆದು ಜೇಬಿಗಿಟ್ಟ. ಇದಕ್ಕೆ ಅರ್ಧ ಮಾರ್ಕು.

ಡಾಕ್ಟ್ರು ಮೊದಲು ಮಾಡಿದ ಕೆಲಸ ನನ್ನನ್ನು ಹೊರಗೆ ಕಳಿಸಿದ್ದು. ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ತಿಂಗಳು ಅವನ ಊಟ ನಿದ್ದೆ ನೋಡಿಕೊಂಡಿದ್ದು ನಾನು. ಅವನು ಪಿಯುಸಿಗೆ ಬಂದಾಗಿನಿಂದ ನಮ್ಮನೆಯಲ್ಲೇ ಇದ್ದಾನೆ, ಅಕ್ಕ ಭಾವ ದಾವಣಗೆರೆಯಲ್ಲಿ. ಆಮೇಲೆ ಕೋಆರ್ಡಿನೇಟರ್ ಹುಡುಗಿ ವಿವರಿಸಿದಳು: ಮನೆಯವರು ಪಕ್ಕದಲ್ಲಿ ಕೂತಿದ್ದರೆ ಸಿಗರೇಟು, ಗಾಂಜಾ, ಕೈ ಕುಯ್ದುಕೊಂಡದ್ದು, ಯಾರ ಜೊತೆ ಓಡಾಡುತ್ತೀಯ ಅನ್ನುವ ಪ್ರಶ್ನೆಗಳಿಗೆಲ್ಲ 'ಇಲ್ಲ ಸರ್' ಎಂಬ ಒಂದೇ ಉತ್ತರ ಬರುತ್ತೆ. ಆ ಉತ್ತರ ನಂಬಿ ಟ್ರಯಲ್‌ಗೆ ಹಾಕಿಕೊಂಡರೆ ಮಗುವಿಗೂ ಅಪಾಯ, ಬರುವ ಲೆಕ್ಕವೂ ತಪ್ಪು. ನಿಜವಾದ ಉತ್ತರ ಬಂದರೆ ಅರ್ಧ ಮಕ್ಕಳು ಸ್ಕ್ರೀನಿಂಗ್‌ನಲ್ಲೇ, ಅಂದರೆ ಯಾರು ಸೇರಬಹುದು ಅಂತ ನೋಡುವ ಮೊದಲ ತಪಾಸಣೆಯಲ್ಲೇ, ಹೊರಗೆ. 'ಎರಡು ಕಡೆಯಿಂದಲೂ ನಮಗೇ ಹೊಡೆತ ಮೇಡಂ' ಅಂದಳು.

ಮಕ್ಕಳು ಕಡಿಮೆ ಇದ್ದಾರೆ ಅಂತಲ್ಲ. ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ಬಂತು. ದೊಡ್ಡ ನಗರಗಳಲ್ಲಿ ಇನ್ನೂ ಜಾಸ್ತಿ. ಅವರಲ್ಲಿ ಬಹಳ ಮಂದಿ ಯಾವ ಡಾಕ್ಟ್ರ ಬಾಗಿಲನ್ನೂ ತಟ್ಟಿರುವುದಿಲ್ಲ. ತಟ್ಟಿದವರಲ್ಲಿ ಟ್ರಯಲ್ ಅಂದ ಕೂಡಲೇ ಎದ್ದು ಹೋಗುವವರು ಎಷ್ಟೋ. ಎದ್ದು ಹೋಗದೆ ಕೂತವರಿಗೆ ನಿಯಮದ ಜರಡಿ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಟ್ಯಾಡ್ಸ್ ಅಂತ ಒಂದು ಹೆಸರಾಂತ ಟ್ರಯಲ್ ನಡೆದಿತ್ತು, 12ರಿಂದ 17 ವರ್ಷದವರ ಖಿನ್ನತೆಗೇ. 13 ಕಡೆ ಸೆಂಟರ್ ತೆರೆದು, 2000ದಿಂದ 2003ರವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಫೋನಿನಲ್ಲಿ ವಿಚಾರಿಸಿ, ಕಡೆಗೆ ಅವರ ಕೈಗೆ ಸಿಕ್ಕಿದ್ದು 439 ಮಕ್ಕಳು. ದುಡ್ಡಿಗೆ, ಸಿಬ್ಬಂದಿಗೆ ಕೊರತೆ ಇಲ್ಲದ ಕಡೆಯೇ ಹೀಗೆ.

ಪ್ಲಸೀಬೊ, ಅಂದರೆ ಖಾಲಿ ಮಾತ್ರೆಯ ವಿಷಯದಲ್ಲಿ ಇವರಿಗೆ ಪೂರ್ತಿ ಮಾರ್ಕು. ಸುತ್ತಿ ಬಳಸಿ ಮಾತಾಡಲಿಲ್ಲ. ಎಂಟು ವಾರ ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ನೋಡಲು ಅದೇ ಥರದ, ಒಳಗೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರುವುದಿಲ್ಲ. ಎಂಟು ವಾರ ಆದ ಮೇಲೆ ಬೇಕೆಂದವರಿಗೆಲ್ಲ ನಿಜವಾದದ್ದು. ಹುಡುಗ ನೇರವಾಗಿ ಕೇಳಿದ, 'ನಂಗೆ ಖಾಲಿ ಮಾತ್ರೆ ಬಂದು, ಇನ್ನೂ ಜಾಸ್ತಿ ಆದ್ರೆ?' ಡಾಕ್ಟ್ರು ಫೈಲ್ ಮುಚ್ಚಿಟ್ಟು ಅವನ ಕಡೆ ತಿರುಗಿ ಕೂತರು. ಜಾಸ್ತಿ ಆದರೆ ಅದೇ ದಿನ ಟ್ರಯಲ್ ನಿಲ್ಲಿಸಿ ಮಾಮೂಲಿ ಚಿಕಿತ್ಸೆ ಶುರು ಮಾಡುತ್ತೇವೆ, ನೀನು ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಬಿಟ್ಟರೆ ಇಲ್ಲಿನ ಚಿಕಿತ್ಸೆಗೆ ಏನೂ ಕಡಿಮೆ ಆಗಲ್ಲ ಅಂದರು. ಖಾಲಿ ಮಾತ್ರೆ ಯಾಕೆ ಬೇಕು ಅನ್ನುವುದಕ್ಕೂ ಟ್ಯಾಡ್ಸ್ ಲೆಕ್ಕವನ್ನೇ ಹೇಳಿದರು. ಹನ್ನೆರಡು ವಾರ ಆದ ಮೇಲೆ ನೋಡಿದರೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಶೇ 71 ಮಂದಿ ಸುಧಾರಿಸಿದ್ದರು. ಫ್ಲುಆಕ್ಸಿಟಿನ್ ಅನ್ನುವ ಖಿನ್ನತೆಯ ಮಾತ್ರೆ ಮಾತ್ರ ಸಿಕ್ಕವರಲ್ಲಿ ಶೇ 61ರಷ್ಟು. ಬರೀ ಖಾಲಿ ಮಾತ್ರೆ ನುಂಗಿದವರಲ್ಲೂ ಶೇ 35ರಷ್ಟು! ಮಕ್ಕಳಲ್ಲಿ ಖಾಲಿ ಮಾತ್ರೆಗೇ ಇಷ್ಟು ಗುಣ ಕಾಣುವಾಗ, ಹೋಲಿಕೆ ಇಲ್ಲದೆ ಹೊಸ ಮಾತ್ರೆ ಕೆಲಸ ಮಾಡಿತು ಅಂತ ಹೇಗೆ ಹೇಳುವುದು? ಈ ಮಾತು ನನಗೆ ಒಪ್ಪಿಗೆ ಆಯಿತು. ಹುಡುಗನಿಗೂ.

ಭಾವನಿಗೆ ಆಗಲಿಲ್ಲ.

ಅವತ್ತು ರಾತ್ರಿಯೇ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ಇಂಥ ಮಾತ್ರೆ ತಿಂದ ಮಕ್ಕಳು ಸಾಯುವ ಯೋಚನೆ ಮಾಡುತ್ತಾರೆ, ಅಮೆರಿಕ ಸರ್ಕಾರವೇ ಹೇಳಿದೆ ಅಂತ. ಕೆಳಗೆ, 'ನನ್ನ ಮಗನ ಮೇಲೆ ಯಾರೂ ಎಕ್ಸ್‌ಪೆರಿಮೆಂಟ್ ಮಾಡೋದು ಬೇಡ.' ವಿಡಿಯೊದಲ್ಲಿ ಕಿರುಚಾಟ ಜಾಸ್ತಿ, ಆದರೆ ಪೂರ್ತಿ ಸುಳ್ಳೂ ಅಲ್ಲ. ಡಾಕ್ಟ್ರನ್ನು ಕೇಳಿದಾಗ ಮುಚ್ಚಿಡಲಿಲ್ಲ. ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2004ರಲ್ಲಿ 24 ಟ್ರಯಲ್‌ಗಳ, 4400ಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿತು. ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಶೇ 4ರಷ್ಟು ಮಂದಿಗೆ ಸಾಯುವ ಯೋಚನೆ ಅಥವಾ ಅಂಥ ನಡವಳಿಕೆ ಕಾಣಿಸಿತು, ಖಾಲಿ ಮಾತ್ರೆಯವರಲ್ಲಿ ಶೇ 2. ಆ ಟ್ರಯಲ್‌ಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಆದರೂ ಮಾತ್ರೆಯ ವಿವರ ಚೀಟಿಯಲ್ಲಿ ಕಪ್ಪು ಚೌಕದೊಳಗೆ ಎಚ್ಚರಿಕೆ ಅಚ್ಚು ಹಾಕಲೇಬೇಕು ಅಂತ ಆಯಿತು. 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗೂ ಹಿಗ್ಗಿಸಿದರು. ಶುರುವಿನ ವಾರಗಳಲ್ಲಿ ಪ್ರತಿ ವಾರ ಬಂದು ಮುಖ ತೋರಿಸಿ ಅನ್ನುವುದು ಇದೇ ಕಾರಣಕ್ಕೆ ಅಂದರು. ನನಗೆ ಹೊಳೆದದ್ದು ಬೇರೆ: ಈ ಅಪಾಯ ಗೊತ್ತಾದದ್ದೇ ಮಕ್ಕಳ ಮೇಲೆ ಟ್ರಯಲ್ ನಡೆದದ್ದರಿಂದ. ಭಾವನಿಗೆ ಹೇಳಿ ನೋಡಿದೆ. 'ಬೇರೆಯವರ ಮಕ್ಕಳ ಮೇಲೆ ಮಾಡ್ಲಿ' ಅಂದರು. ಬಹುತೇಕ ಅಪ್ಪಂದಿರು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ನಮ್ಮ ಭಾವ ಬಾಯಿಬಿಟ್ಟು ಹೇಳಿದರು, ಅಷ್ಟೇ.

ಈಗ ಸಹಿ ವಿಷಯ. ನಾನು ಸಹಿ ಮಾಡಿಬಿಡುತ್ತೇನೆ ಅಂದೆ. ಆಗಲ್ಲ ಅಂದರು. ಮನೆಯಲ್ಲಿ ಇಟ್ಟುಕೊಂಡು ಅನ್ನ ಹಾಕಿದರೂ ಕಾನೂನಿನ ಲೆಕ್ಕದಲ್ಲಿ ಚಿಕ್ಕಮ್ಮ ಪೋಷಕಿ ಅಲ್ಲ. ಅಪ್ಪ ಅಮ್ಮನೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅಪಾಯ ತೀರಾ ಕಡಿಮೆ ಇದ್ದರೆ, ಅಥವಾ ಮಗುವಿಗೆ ನೇರವಾಗಿ ಲಾಭ ಇದ್ದರೆ ಒಬ್ಬರ ಸಹಿ ಸಾಕು. ಅಪಾಯ ಅದಕ್ಕಿಂತ ಜಾಸ್ತಿ ಇದ್ದರೆ ಇಬ್ಬರದ್ದೂ ಬೇಕಾಗಬಹುದು. ಇಲ್ಲಿನ ಎಥಿಕ್ಸ್ ಕಮಿಟಿ, ಅಂದರೆ ಟ್ರಯಲ್‌ನ ನ್ಯಾಯ ಅನ್ಯಾಯ ನೋಡುವ ಸಮಿತಿ, ಇಬ್ಬರದ್ದೂ ಬೇಕು ಅಂತ ಹೇಳಿತ್ತು. ಅದರ ಮೇಲೆ 12 ದಾಟಿದ ಮಗುವಿನದ್ದೇ ಬೇರೆ ಲಿಖಿತ ಒಪ್ಪಿಗೆ. ನಮ್ಮವನಿಗೆ ಆಗ 17 ವರ್ಷ ಚಿಲ್ಲರೆ. ಟ್ರಯಲ್ ಮಧ್ಯದಲ್ಲೇ 18 ತುಂಬುತ್ತದೆ, ಆಗ ಅವನು ದೊಡ್ಡವನಾಗಿ ಇನ್ನೊಂದು ಸಲ ಹೊಸದಾಗಿ ಒಪ್ಪಿಗೆ ಕೊಡಬೇಕು. ಎಷ್ಟು ಕಾಗದ ನೋಡಿ!

ಇದೆಲ್ಲ ಸುಮ್ನೆ ತಲೆನೋವು ಅಂತ ಮೊದಲು ಬೈದುಕೊಂಡೆ. ಆದರೆ 2009-10ರಲ್ಲಿ ಆಗಿನ ಆಂಧ್ರದ (ಈಗ ತೆಲಂಗಾಣ) ಖಮ್ಮಂ ಜಿಲ್ಲೆಯಲ್ಲಿ ನಡೆದದ್ದು ನೆನಪಿದೆಯಾ? 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ಮಾಡಿದ್ದರು. ಆಶ್ರಮ ಶಾಲೆಯ ಎಷ್ಟೋ ಮಕ್ಕಳ ಫಾರ್ಮಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು, ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. ಗಲಾಟೆಯಾಗಿ 2010ರಲ್ಲಿ ಅದನ್ನು ನಿಲ್ಲಿಸಿದರು. 2013ರಲ್ಲಿ ಸಂಸತ್ತಿನ ಸಮಿತಿ ಚೆನ್ನಾಗಿ ಉಗಿಯಿತು. ಅದೇ ವರ್ಷ ಟ್ರಯಲ್ ಒಪ್ಪಿಗೆಯನ್ನು ವಿಡಿಯೊ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ, ಔಷಧಿ ಪೂರಾ ಹೊಸದಾಗಿದ್ದು ಸೇರುವವರು ಮಕ್ಕಳಂಥ ದುರ್ಬಲ ಗುಂಪಿನವರಾದರೆ ವಿಡಿಯೊ ಕಡ್ಡಾಯ. ಹಾಗಾಗಿ ಚಿಕ್ಕಮ್ಮನ ಸಹಿ ಬೇಡ ಅಂದದ್ದಕ್ಕೆ ನಾನು ಮಾರ್ಕು ಕಳೆಯುವುದಿಲ್ಲ. ಹಾಸ್ಟೆಲ್, ಪಿಜಿ, ಅತ್ತೆ ಮನೆ, ಮಾವನ ಮನೆಯಲ್ಲಿ ಇದ್ದು ಓದುವ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಅಂತ ಇವರಿಗೂ ಗೊತ್ತು. ಅವರ ಅಪ್ಪ ಅಮ್ಮ ಬಂದು ಹೋಗುವ ದಾರಿ ಏನು ಅಂತ ಯೋಚನೆ ಮಾಡಿಲ್ಲವಲ್ಲ, ಮಾರ್ಕು ಕಳೆಯುವುದು ಅದಕ್ಕೆ.

ವಿಡಿಯೊ ರೂಮು ನೋಡುವಂಥದ್ದು. ಚಿಕ್ಕ ಕೋಣೆ, ಟ್ರೈಪಾಡ್ ಮೇಲೆ ಕ್ಯಾಮೆರಾ, ಗೋಡೆಗೆ ಒಂದು ಗಡಿಯಾರ, ಫ್ಯಾನ್ ಸದ್ದು ರೆಕಾರ್ಡ್ ಆಗುತ್ತೆ ಅಂತ ಅದೂ ಬಂದ್. ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಸೆರಗಿನಲ್ಲಿ ಹಣೆ ಒರೆಸಿಕೊಳ್ಳುತ್ತಾ ಕ್ಯಾಮೆರಾ ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದಳು. ಕೋಆರ್ಡಿನೇಟರ್ ಒಂದೊಂದೇ ಪುಟ ಓದಿ ಹೇಳಿ, 'ಈಗ ನಿಮಗೆ ಅರ್ಥ ಆಗಿದ್ದು ಹೇಳಿ' ಅಂದಳು. ಅಕ್ಕ 'ಎಲ್ಲಾ ಅರ್ಥ ಆತು' ಅಂದಳು. ಅದು ಸಾಲಲ್ಲ ಅಂತ ಮತ್ತೆ ಕೇಳಿದಳು. ಮತ್ತೆ ಅದೇ. ಆಗ ಹುಡುಗ ತಾನೇ ಶುರು ಮಾಡಿದ: 'ಅಮ್ಮ, ಕಂಪ್ಯೂಟರ್ ಚೀಟಿ ಎತ್ತುತ್ತೆ. ನಂಗೆ ಯಾವ ಮಾತ್ರೆ ಅಂತ ಎಂಟು ವಾರ ಯಾರಿಗೂ ಗೊತ್ತಿರಲ್ಲ. ರಕ್ತ ತಗೋತಾರೆ. ಬೇಡ ಅನ್ಸಿದ್ರೆ ಯಾವತ್ತು ಬೇಕಾದ್ರೂ ಎದ್ದು ಬರಬಹುದು. ದುಡ್ಡು ಕೊಡಲ್ಲ, ಬಸ್ ಚಾರ್ಜು, ಊಟದ ಖರ್ಚು ಅಷ್ಟೇ.' ದಪ್ಪ ಫಾರ್ಮಿನ ಸಾರ ಅಷ್ಟೇ ಅಲ್ವಾ? ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಬಹಳ ದಿನಗಳ ನಂತರ ಕೇಳಿದ್ದು. ಅಕ್ಕ ಆಮೇಲೆ ತನ್ನ ಮಾತಿನಲ್ಲಿ ಹೇಳಿದಳು, ಸಹಿಯೂ ಹಾಕಿದಳು. ಹುಡುಗ ತನ್ನ ಫಾರ್ಮಿಗೆ ಸಹಿ ಹಾಕಿದ. ಉಳಿದದ್ದು ಭಾವನ ಜಾಗ.

ಹುಡುಗನಿಗೆ ಮಾತ್ರೆಗಿಂತ ಜಾಸ್ತಿ ಹೆದರಿಕೆ ಇದ್ದದ್ದು ಫೋನಿನ ಬಗ್ಗೆ. ಇದನ್ನು ದೊಡ್ಡವರು ಯಾರೂ ಊಹಿಸಿರಲಿಲ್ಲ. ಆಸ್ಪತ್ರೆಯಿಂದ ಬರುವ ಮೆಸೇಜಿನ ಮೊದಲ ಸಾಲಲ್ಲೇ ಮನೋವೈದ್ಯ ವಿಭಾಗದ ಹೆಸರು. ಟ್ಯೂಷನ್‌ನಲ್ಲಿ ಪಕ್ಕದವನು ಅವನ ಫೋನ್ ಕಿತ್ತುಕೊಂಡು ರೀಲ್ಸ್ ನೋಡುತ್ತಾನಂತೆ. ಹಾಗಾದರೆ ಮೆಸೇಜ್ ಚಿಕ್ಕಮ್ಮನ ಫೋನಿಗೆ ಕಳಿಸುತ್ತೇವೆ ಅಂದರು. 'ನನ್ ವಿಷ್ಯ ಅವರ ಫೋನಿಗೆ ಯಾಕೆ?' ಅಂತ ಸಿಟ್ಟಾದ. ನ್ಯಾಯವೇ. ಕೊನೆಗೆ ಕೋಆರ್ಡಿನೇಟರ್ ತನ್ನ ನಂಬರಿನಿಂದಲೇ 'ನಾಳೆ 10ಕ್ಕೆ' ಅಂತ ಮಾತ್ರ ಕಳಿಸುವುದು ಅಂತಾಯಿತು. ಅವನು ಆ ನಂಬರನ್ನು 'ಫಿಸಿಕ್ಸ್ ಮಿಸ್' ಅಂತ ಸೇವ್ ಮಾಡಿಕೊಂಡ. ಲಕ್ಷಗಟ್ಟಲೆ ಖರ್ಚು ಮಾಡಿ ಪೋಸ್ಟರ್, ಆ್ಯಪ್ ಎಲ್ಲ ಮಾಡುವ ಕಂಪನಿಗಳು 16-17 ವರ್ಷದ ನಾಲ್ಕು ಹುಡುಗರನ್ನು ಕೂರಿಸಿಕೊಂಡು ನಿಮಗೇನು ಕಷ್ಟ ಅಂತ ಮೊದಲೇ ಕೇಳಿದರೆ ಇಂಥದ್ದೆಲ್ಲ ತಾನಾಗಿ ಗೊತ್ತಾಗುತ್ತೆ.

ಇನ್ನು ಸೊನ್ನೆ ಸಿಕ್ಕಿದ್ದು ಯಾಕೆ ಅಂತ ಹೇಳುತ್ತೇನೆ. ಸೆಂಟರ್ ತೆರೆದಿರುವುದು ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9ರಿಂದ 4, ಶನಿವಾರ ಮಧ್ಯಾಹ್ನದವರೆಗೆ. ಯಾರಿಗೋಸ್ಕರ ಈ ಟೈಮು? ದ್ವಿತೀಯ ಪಿಯುಸಿ ಹುಡುಗ ಬೆಳಿಗ್ಗೆ ಆರಕ್ಕೆ ಎದ್ದು ಕಾಲೇಜು, ಅಲ್ಲಿಂದ ಟ್ಯೂಷನ್, ಅಲ್ಲಿಂದ ಸಿಇಟಿ ಕೋಚಿಂಗ್, ಮನೆಗೆ ಬರುವಾಗ ರಾತ್ರಿ ಎಂಟು. ಪ್ರತಿ ವಾರ ಅರ್ಧ ದಿನ ರಜೆ ಹಾಕಬೇಕು ಅಂದರೆ ಕಾಲೇಜಿಗೆ ಕಾರಣ ಹೇಳಬೇಕು, ಹಾಜರಾತಿ ಶೇ 75 ಇರಬೇಕು. ಕಾರಣ ಏನಂತ ಹೇಳುವುದು? ಮೊದಲ ಸಲ ಹಲ್ಲು ನೋವು ಅಂದೆವು. ಪ್ರತಿ ವಾರ ಹಲ್ಲು ನೋವು ಬರುತ್ತಾ? ಹೈಸ್ಕೂಲು, ಪಿಯು ಮಕ್ಕಳೇ ಬೇಕಾದ ಟ್ರಯಲ್‌ಗೆ ಸಂಜೆ ಆರರ ನಂತರ ಒಂದು ಸ್ಲಾಟ್ ಇಲ್ಲ. ಭಾನುವಾರ ಇಲ್ಲ. ಕೇಳಿದರೆ, ಮಾತ್ರೆ ಕೊಡುವ ಫಾರ್ಮಸಿಸ್ಟ್ ಇರಲ್ಲ, ರಕ್ತದ ಸ್ಯಾಂಪಲ್ ಒಯ್ಯುವ ಕೊರಿಯರ್ ಬರಲ್ಲ ಅಂದರು. ಇದೆಲ್ಲ ದುಡ್ಡು ಕೊಟ್ಟರೆ ಸರಿಹೋಗುವ ಸಮಸ್ಯೆ. ಮಕ್ಕಳು ಸಿಗುತ್ತಿಲ್ಲ ಅಂತ ಸ್ಪಾನ್ಸರ್ ಕಂಪನಿಯವರು ತಿಂಗಳು ತಿಂಗಳು ಇವರನ್ನು ಕುಟುಕುತ್ತಾರಂತೆ. ಒಬ್ಬ ಫಾರ್ಮಸಿಸ್ಟ್‌ಗೆ ಭಾನುವಾರದ ಸಂಬಳ ಕೊಟ್ಟು ನೋಡಲಿ ಮೊದಲು.

ಭಾವನದ್ದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ರಜೆ ಅಂದರೆ ಭಾನುವಾರ ಒಂದೇ. ಅಕ್ಕ ಊರಿಗೆ ಹೋಗಿ ಅದೇನು ಹೇಳಿದಳೋ, ಸರಿ ಡಾಕ್ಟ್ರ ಹತ್ತಿರ ಒಂದು ಸಲ ಮಾತಾಡುತ್ತೇನೆ ಅನ್ನುವ ಮಟ್ಟಕ್ಕೆ ಇಳಿದರು. ಶನಿವಾರ ಅಂಗಡಿ ಬಾಗಿಲು ಹಾಕಿ ರಾತ್ರಿ ಬಸ್ಸಿಗೆ ಹೊರಟು, ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಸ್ನಾನ ಮಾಡಿ, ಉಪ್ಪಿಟ್ಟು ತಿಂದು ರೆಡಿಯಾದರು. ಆಸ್ಪತ್ರೆಗೆ ಫೋನ್ ಮಾಡಿದರೆ ಭಾನುವಾರ ಡಾಕ್ಟ್ರನ್ನು ಕರೆಸಲು ಆಗಲ್ಲ. ವಿಡಿಯೊ ಕಾಲ್‌ನಲ್ಲಿ ಸಹಿ ಆಗಲ್ಲ. ದಾವಣಗೆರೆಯಲ್ಲಿ ಯಾರಾದರೂ ಡಾಕ್ಟ್ರ ಮುಂದೆ ಆಗುತ್ತಾ? ಅದೂ ಆಗಲ್ಲ, ಅದು ಇವರ ಟ್ರಯಲ್ ಸೆಂಟರ್ ಅಲ್ಲ. ಸಂಜೆ ಬಸ್ಸಿಗೆ ಭಾವ ವಾಪಸ್. ಅಪನಂಬಿಕೆಯಿಂದ ಕುದಿಯುತ್ತಿದ್ದ ಮನುಷ್ಯ ಕಷ್ಟಪಟ್ಟು ಅರ್ಧ ದಾರಿ ಬಂದಿದ್ದಾಗ ಬಾಗಿಲು ಹಾಕಿತ್ತು. ಆಮೇಲೆ ಅವರನ್ನು ಇನ್ನೊಮ್ಮೆ ಕರೆಯುವ ಧೈರ್ಯ ಅಕ್ಕನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅಷ್ಟರಲ್ಲಿ ಹುಡುಗನ ನಿದ್ದೆ ಪೂರ್ತಿ ಕೆಟ್ಟಿತ್ತು. ಮಂಗಳವಾರ ಡಾಕ್ಟ್ರು ಅವನನ್ನು ನೋಡಿ ನಮಗೆ ಹೇಳಿದ್ದು ಇಷ್ಟೇ: ಸಹಿಗೆ ಕಾಯುವುದು ಬೇಡ, ಇವತ್ತೇ ಮಾಮೂಲಿ ಚಿಕಿತ್ಸೆ ಶುರು ಮಾಡೋಣ. ಫ್ಲುಆಕ್ಸಿಟಿನ್ ಬರೆದರು, ವಾರಕ್ಕೊಮ್ಮೆ ಮಾತಿನ ಚಿಕಿತ್ಸೆಗೆ ಬೇರೆ ಒಬ್ಬರ ಹತ್ತಿರ ಕಳಿಸಿದರು. ಮಾತ್ರೆ ಶುರುವಾಯಿತು ಅಂದ ಮೇಲೆ ಟ್ರಯಲ್‌ಗೆ ಅವನು ಅನರ್ಹ. ಇದು ಡಾಕ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಕೋಆರ್ಡಿನೇಟರ್ ಮುಖ ಸಣ್ಣಗಾಯಿತು, ಅವಳಿಗೆ ಟಾರ್ಗೆಟ್ ಇರುತ್ತದೆ ಪಾಪ. ಸಾಮಾನ್ಯವಾಗಿ ಸೇರಿಸಿಕೊಂಡ ಒಬ್ಬೊಬ್ಬರ ಲೆಕ್ಕದಲ್ಲಿ ಸೆಂಟರ್‌ಗೆ ದುಡ್ಡು ಬರುವುದು. ಇನ್ನೊಂದು ವಾರ ತಡೀರಿ, ಅಪ್ಪನನ್ನು ಒಪ್ಪಿಸಿ ಅಂತ ಅವರು ಎಳೆಯಬಹುದಿತ್ತು, ನಾವೂ ಎಳೆಸಿಕೊಳ್ಳುತ್ತಿದ್ದೆವು. ಎಳೆಯಲಿಲ್ಲ. ಮಧ್ಯರಾತ್ರಿ ಏನಾದರೂ ಆದರೆ ಅಂತ ತಮ್ಮ ವಾರ್ಡಿನ ನಂಬರಿನ ಜೊತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟರು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಕೊಟ್ಟ ಮೂರು ಸ್ಟಾರಿನಲ್ಲಿ ಎರಡು ಆ ಮಂಗಳವಾರದ್ದೇ.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಜಾಸ್ತಿ ಹುಷಾರಿಲ್ಲದವರು ಕಾಯಲಾಗದೆ ಹೊರಗೆ. ಸಾಯುವ ಯೋಚನೆ ಗಟ್ಟಿಯಾಗಿ ಇರುವವರು ನಿಯಮದಿಂದಲೇ ಹೊರಗೆ. ಗಾಂಜಾ ಸೇದುವವರು ಹೊರಗೆ. ಹಾಸ್ಟೆಲ್ ಮಕ್ಕಳು ಸಹಿ ಇಲ್ಲದೆ ಹೊರಗೆ. ಉಳಿಯುವುದು ಊರಲ್ಲೇ ಅಪ್ಪ ಅಮ್ಮ ಇರುವ, ಅವರಿಗೆ ವಾರದ ಮಧ್ಯೆ ರಜೆ ಸಿಗುವ, ಸ್ವಲ್ಪ ಮಟ್ಟಿಗೆ ಹುಷಾರಿಲ್ಲದ ಮಕ್ಕಳು. ಅವರ ಮೇಲೆ ಪಾಸಾದ ಮಾತ್ರೆಯನ್ನು ನಾಳೆ ಎಲ್ಲರಿಗೂ ಬರೆದುಕೊಡುತ್ತಾರೆ. ಡಾಕ್ಟ್ರಿಗೆ ಇದನ್ನೇ ಹೇಳಿದೆ. 'ನೀವು ಹೇಳೋದು ಸರಿ ಮೇಡಂ, ನಾವೂ ಮೀಟಿಂಗ್‌ನಲ್ಲಿ ಹೇಳ್ತಾನೇ ಇರ್ತೀವಿ' ಅಂದರು.

ಹೋಗುವ ಯೋಚನೆ ಇರುವವರಿಗೆ ಎರಡು ಮಾತು. ಪೋಸ್ಟರಿನಲ್ಲಿ ಸಿಟಿಆರ್‌ಐ ನಂಬರ್ ಇರುತ್ತೆ, ಫೋಟೊ ತೆಗೆದುಕೊಳ್ಳಿ. ಅದು 2007ರಲ್ಲಿ ಶುರುವಾದ ಸರ್ಕಾರಿ ಟ್ರಯಲ್ ನೋಂದಣಿ, 2009ರಿಂದ ಔಷಧಿ ಟ್ರಯಲ್‌ಗಳೆಲ್ಲ ಅಲ್ಲಿ ಇರಲೇಬೇಕು. ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಪ್ಲಸೀಬೊ ಇದೆಯಾ ಅನ್ನೋದೆಲ್ಲ ಪುಕ್ಕಟೆ ಸಿಗುತ್ತೆ. ಇಂಗ್ಲಿಷ್‌ನಲ್ಲಿದೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಲೇ ಓದಿಸಿ, ಹೇಗೂ ಅವರದ್ದೇ ವಿಷಯ ತಾನೇ. ಮತ್ತೆ, ಅಪ್ಪ ಅಮ್ಮ ಬೇರೆ ಊರಲ್ಲಿದ್ದರೆ ಮೊದಲ ಫೋನಿನಲ್ಲೇ ಕೇಳಿ: ಯಾರ್ಯಾರ ಸಹಿ ಬೇಕು, ಭಾನುವಾರ ತೆಗೆದಿರುತ್ತೀರಾ. ಹುಡುಗ ಈಗ ನಿದ್ದೆ ಮಾಡುತ್ತಿದ್ದಾನೆ, ಕಾಲೇಜಿಗೆ ಹೋಗುತ್ತಿದ್ದಾನೆ, 'ಫಿಸಿಕ್ಸ್ ಮಿಸ್' ಮೊನ್ನೆ ಹೇಗಿದ್ದೀಯ ಅಂತ ಮೆಸೇಜ್ ಮಾಡಿದ್ದಳು. ಭಾನುವಾರದ ಸ್ಲಾಟ್ ಶುರು ಮಾಡಿದ್ದಾರೆ ಅಂತ ಯಾರಿಗಾದರೂ ಗೊತ್ತಾದರೆ ಇಲ್ಲೇ ಕೆಳಗೆ ತಿಳಿಸಿ, ಒಂದು ಸ್ಟಾರ್ ಏರಿಸುತ್ತೇನೆ.